ಅಳತೆಗೆ ಬಂದ ಡ್ರಮ್ಮುಗಳು

ಸೊಳ್ಳೆಯ ಮೇಲೆ ಕತೆ ಹೇಳಲು ಹೊರಟದ್ದಕ್ಕೆ ಓದುಗರು ಮೊದಲೇ ಕ್ಷಮಿಸಬೇಕು. ಕಚ್ಚಿಸಿಕೊಂಡ ಅನುಭವವಿದೆಯೇ ಹೊರತು ಬರೆದ ಅನುಭವವಿಲ್ಲ. ಎಲ್ಲಾದರೂ ಹದ ತಪ್ಪಿದರೆ ತಪ್ಪು ನನ್ನದು, ಟೇಪಣ್ಣನದಲ್ಲ. ಅವನ ಪಾಲಿನ ತಪ್ಪು ಅವನಿಗೇ ಸಾಕಷ್ಟಿದೆ.

ಟೇಪಣ್ಣ ಎಂದರೆ ನಮ್ಮ ಟೈಲರು. ಅಳತೆ ಟೇಪು ಅವನ ಕೊರಳಲ್ಲಿ ಎಷ್ಟು ಕಾಯಂ ಆಗಿತ್ತೆಂದರೆ, ಒಂದು ಸಲ ಅದನ್ನು ತೆಗೆದಿಟ್ಟು ಒಳಗೆ ಬಂದಾಗ ಸ್ವಂತ ಹೆಂಡತಿಯೇ "ಯಾರು ಬೇಕಿತ್ತು?" ಎಂದು ಕೇಳಿದ್ದಳು. ಮನೆಯ ಮುಂದಿನ ಕೋಣೆಯೇ ಅಂಗಡಿ, ಅದರ ಮುಂದೆ ಅಂಗಳ, ಅಂಗಳಕ್ಕೊಂದು ಗೇಟು. ಅವನದು ಒಂದೇ ನೇಮ: ಅಳತೆ ತೆಗೆಯದೆ ಕತ್ತರಿ ಹಾಕುವುದಿಲ್ಲ. ಹಳೆಯ ಅಂಗಿ ತಂದು ಇದರ ಹಾಗೇ ಹೊಲಿದುಕೊಡಿ ಎಂದವರನ್ನು, ಅಂಗಿ ಅಂಗಿಯೇ, ನೀವು ನೀವೇ ಎಂದು ವಾಪಸು ಕಳಿಸುತ್ತಿದ್ದ. ಅಳತೆ ತೆಗೆಯಲು ಗಿರಾಕಿಯ ಮನೆಗೆ ಹೋಗುವುದೂ ಇಲ್ಲ. ಹಾಗೆ ಹೋದರೆ ಅಂಗಡಿಗೇ ಅವಮಾನ ಎಂದು ಕೆಲಸ ಕಲಿಸಿದ ಗುರು ಹೇಳಿದ್ದರಂತೆ.

ಆ ದಿನ ಸಂಜೆ ಶಾಲೆಯ ಹೆಡ್‌ಮಿಸ್ಟ್ರೆಸ್ ಬರುವವರಿದ್ದರು. ಇಡೀ ಶಾಲೆಯ ಯೂನಿಫಾರ್ಮು ಇವನಿಗೆ ಕೊಡಬಹುದೋ ಬಾರದೋ ಎಂದು ಅಂಗಡಿ ನೋಡಿ ತೀರ್ಮಾನಿಸುವುದಿತ್ತು. ರೆಡಿಮೇಡು ಬಂದ ಮೇಲೆ ಟೇಪಣ್ಣನ ಮಷೀನು ಪ್ಯಾಂಟಿನ ಕಾಲು ಮಡಿಚುವುದಕ್ಕೇ ಮೀಸಲಾಗಿತ್ತು. ಈ ಕೆಲಸ ಸಿಕ್ಕರೆ ಅಂಗಡಿ ಉಳಿಯಿತು. ಇಲ್ಲವಾದರೆ ಭಾವಮೈದುನನ ಗೋಡೌನಿನಲ್ಲಿ ಬಟ್ಟೆ ಗಂಟು ಕಟ್ಟುವ ಕೆಲಸ ಕಾದಿತ್ತು; ಅದಕ್ಕಿಂತ ಹೆಚ್ಚಾಗಿ ಭಾವಮೈದುನನೇ ಕಾದಿದ್ದ.

ಬೆಳಿಗ್ಗೆ ಪಕ್ಕದ ಮನೆಯ ಬಸ್ ಕಂಡಕ್ಟರು ಕಾಂಪೌಂಡಿನ ಮೇಲೆ ಗದ್ದ ಊರಿ ಸುದ್ದಿ ಬಿತ್ತಿದ. ಆರೋಗ್ಯ ಇಲಾಖೆಯ ಸೊಳ್ಳೆ ಇನ್‌ಸ್ಪೆಕ್ಟರ್ ಇವತ್ತು ಈ ಬೀದಿಗೆ ಬರುತ್ತಾರಂತೆ. ನಿಂತ ನೀರಿನಲ್ಲಿ ಒಂದೇ ಒಂದು ಮರಿ ಸಿಕ್ಕರೂ ಗೇಟಿಗೆ ಕೆಂಪು ಬೋರ್ಡು ಹೊಡೆಯುತ್ತಾರಂತೆ. ಕೈಯಲ್ಲೊಂದು ಮುಚ್ಚಿದ ಕ್ಯಾನು ಇರುತ್ತದಂತೆ, ಅದರೊಳಗೆ ಏನಿದೆ ಎಂದು ಕಂಡವರಿಲ್ಲವಂತೆ.

"ಬೋರ್ಡಲ್ಲಿ ಏನಂತ ಬರೆದಿರುತ್ತೆ?" ಎಂದು ಕೇಳಿದ ಟೇಪಣ್ಣ.

"ಇಲ್ಲಿ ಸೊಳ್ಳೆಮರಿ ಸಿಕ್ಕಿದೆ ಅಂತ. ದಪ್ಪಕ್ಷರ. ಓಡೋ ಬಸ್ಸಿಂದಾನೂ ಓದಬಹುದು."

ಟೇಪಣ್ಣನ ಕೈಯಲ್ಲಿದ್ದ ಚಹಾ ಅಲ್ಲೇ ತಣ್ಣಗಾಯಿತು. ಹೆಡ್‌ಮಿಸ್ಟ್ರೆಸ್ ಬರುವ ಹೊತ್ತಿಗೆ ಗೇಟಿನ ಮೇಲೆ ಆ ಬೋರ್ಡು ನೇತಾಡುವುದು ಕಣ್ಣಿಗೆ ಕಟ್ಟಿತು. ಹೂಕುಂಡದ ತಟ್ಟೆ, ಹಳೆಯ ಟೈರು, ಒಡೆದ ಬಕೆಟ್ಟು, ಬಾಟಲಿಯ ಮುಚ್ಚಳ, ಕಂಡದ್ದನ್ನೆಲ್ಲ ಬೋರಲು ಹಾಕಿದ. ಎಲೆಗಳ ಮೇಲಿನ ಹನಿಯನ್ನೂ ಒರೆಸಲು ಹೊರಟಾಗ ಹೆಂಡತಿ ಬಟ್ಟೆ ಕಸಿದುಕೊಂಡಳು.

ಉಳಿದದ್ದು ನೀರಿನ ನೀಲಿ ಡ್ರಮ್ಮು. ನಲ್ಲಿ ಮನಸ್ಸು ಬಂದಾಗ ಬರುವ ಬೀದಿ ಅದು, ನೀರು ಚೆಲ್ಲುವ ಹಾಗಿಲ್ಲ. ಸೊಳ್ಳೆಪರದೆಯ ಬಟ್ಟೆ ಇಳಿಸಿ, ಡ್ರಮ್ಮಿನ ಸುತ್ತಳತೆ ತೆಗೆದು, ಅಂಚಿಗೆ ಎಲಾಸ್ಟಿಕ್ ಕೊಟ್ಟು ಒಂದು ಟೋಪಿ ಹೊಲಿದ. ಹಾಕಿ ನೋಡಿದರೆ ಡ್ರಮ್ಮು ಫೋಟೋ ತೆಗೆಸಿಕೊಳ್ಳಲು ನಿಂತ ಹಾಗಿತ್ತು.

ಅದು ಎದುರುಮನೆ ಅಕ್ಕನ ಕಣ್ಣಿಗೆ ಬಿತ್ತು.

"ನಮ್ಮ ಡ್ರಮ್ಮಿಗೂ ಒಂದು ಹೊಲಿದುಕೊಡು ತಮ್ಮಾ. ನಮ್ಮದೂ ಇಷ್ಟೇ ಇದೆ."

"ಇಷ್ಟೇ ಅಂದ್ರೆ ಎಷ್ಟಕ್ಕಾ? ಅಳತೆ ಇಲ್ಲದೆ ಹೊಲಿಯಲ್ಲ. ಡ್ರಮ್ಮು ಇಲ್ಲಿಗೆ ತನ್ನಿ."

"ನೀರು ಚೆಲ್ಲಿ ತರ್ಲಾ?"

"ಬೇಡ. ಹೊಟ್ಟೆ ತುಂಬಿದಾಗಿನ ಅಳತೆನೇ ಬೇರೆ."

ಈ ಮಾತೇ ಅವನಿಗೆ ಮುಳುವಾಯಿತು. ಅಕ್ಕನ ಡ್ರಮ್ಮು ಬಂತು. ಹಿಂದೆಯೇ ಕಂಡಕ್ಟರನದು, ಅದರ ಹಿಂದೆ ಇಡೀ ಬೀದಿಯದು. ಗರಗರ ಎಳೆದುಕೊಂಡು, ತುಳುಕಿಸಿಕೊಂಡು, ಒಂದನ್ನೊಂದು ತಳ್ಳಿಕೊಂಡು ಬಂದವು. ಕಂಡಕ್ಟರು ಅಭ್ಯಾಸಬಲದಿಂದ ಗೇಟಿನಲ್ಲಿ ನಿಂತು "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ" ಎನ್ನುತ್ತಿದ್ದ. ಅಂಗಳದಲ್ಲಿ ಕಾಲಿಡಲು ತೆರಪಿಲ್ಲದಾಯಿತು. ಟೇಪಣ್ಣ ತಲೆಯೆತ್ತದೆ ಹೊಲಿದ. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಎಷ್ಟೋ ದಿನಗಳ ಮೇಲೆ ಮಷೀನು ಬಿಸಿಯಾದದ್ದರಿಂದ ಅವನಿಗೆ ಸಂತೋಷವೂ ಆಗಿತ್ತು.

ಕಡೆಯ ಟೋಪಿ ಎಳೆದು ಕೂರಿಸುವಾಗ ಸುಮ್ಮನೆ ಒಳಗೆ ಇಣುಕಿದ. ನೀರಿನಲ್ಲಿ ದಾರದ ತುಂಡುಗಳಂಥವು ಕುಣಿಯುತ್ತಿದ್ದವು. ಪಕ್ಕದ್ದರಲ್ಲಿ ಇಣುಕಿದ, ಅಲ್ಲೂ ಅದೇ ಕುಣಿತ. ಇಡೀ ಬೀದಿಯ ಸೊಳ್ಳೆಸಂಸಾರವನ್ನು ತಾನೇ ಕರೆದು ಅಂಗಳದಲ್ಲಿ ಕೂರಿಸಿಕೊಂಡಿದ್ದ. "ಅಕ್ಕಾ, ಡ್ರಮ್ಮು ತಗೊಂಡು ಹೋಗಿ" ಎಂದು ಕೂಗಲು ಬಾಯಿ ತೆರೆದ. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಜೀಪು ನಿಂತಿತು, ಮನೆಗಳ ಬಾಗಿಲುಗಳೆಲ್ಲ ಒಂದಾದ ಮೇಲೊಂದು ಮುಚ್ಚಿಕೊಂಡವು.

ಇನ್‌ಸ್ಪೆಕ್ಟರ್ ಮನೆಮನೆ ನೋಡುತ್ತಾ ಬಂದರು. ಎಲ್ಲರ ಅಂಗಳವೂ ಬಿಸ್ಕತ್ತಿನ ಹಾಗೆ ಒಣಗಿತ್ತು. ಟೇಪಣ್ಣನ ಗೇಟಿನಲ್ಲಿ ಬಂದು ನಿಂತೇಬಿಟ್ಟರು. ಒಂದು ಟೋಪಿ ಸರಿಸಿ ಟಾರ್ಚು ಬಿಟ್ಟರು, ಇನ್ನೊಂದು ಸರಿಸಿದರು, ಮತ್ತೊಂದು.

"ಇವು ನಮ್ಮವಲ್ಲ ಸಾರ್," ಎಂದ ಟೇಪಣ್ಣ. "ಅಳತೆಗೆ ಬಂದಿವೆ."

ಇನ್‌ಸ್ಪೆಕ್ಟರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಸರ್ವೀಸಿನಲ್ಲಿ ಬೇಕಾದಷ್ಟು ನೆಪ ಕೇಳಿದ್ದರು, ಇದೊಂದು ಬಾಕಿಯಿತ್ತು. ಕಂಡಕ್ಟರನ್ನು ಕರೆದು ಕೇಳಿದರು. ನೀಲಿ ಡ್ರಮ್ಮು ಯಾರ ಮನೇಲಿಲ್ಲ ಸಾರ್, ನಂದು ಅಂತ ಯಾವುದನ್ನ ತೋರಿಸಲಿ ಎಂದ ಅವನು. ಅಕ್ಕ ಕಿಟಕಿಯಲ್ಲಿ ನಿಂತು ಮೋಡ ನೋಡುತ್ತಿದ್ದಳು.

ಇನ್‌ಸ್ಪೆಕ್ಟರ್ ಟೋಪಿಯ ಎಲಾಸ್ಟಿಕ್ ಎಳೆದು ಟಪ್ಪನೆ ಬಿಟ್ಟರು. "ಇದನ್ನ ಹೊಲಿದಿದ್ದು ಯಾರು?"

ಟೇಪಣ್ಣ ಕೊರಳಿನ ಟೇಪು ಹಿಡಿದುಕೊಂಡು ತಲೆ ತಗ್ಗಿಸಿದ.

"ಇಂಥ ಜಾಗಾನೇ ನಾನು ಹುಡುಕ್ತಿದ್ದೆ ಕಣ್ರೀ," ಎಂದು ಅವರು ಕ್ಯಾನಿನ ಮುಚ್ಚಳ ತೆಗೆದರು.

ಒಳಗೆ ಮೀನುಗಳಿದ್ದವು, ಬೆರಳಿನ ಉಗುರಿನಷ್ಟು ಪುಟ್ಟವು. ಸೊಳ್ಳೆಮರಿ ತಿನ್ನುವ ಮೀನು, ಕೆರೆಬಾವಿಗೆ ಬಿಡುವಂಥವು. ಜನರೆಲ್ಲ ಅಂಗಳ ಒಣಗಿಸಿಬಿಟ್ಟದ್ದರಿಂದ ಅವುಗಳಿಗೆ ತಿನ್ನಲು ಏನೂ ಸಿಗುತ್ತಿಲ್ಲವೆಂದು ಇನ್‌ಸ್ಪೆಕ್ಟರ್ ನೊಂದುಕೊಂಡರು. ಇಲ್ಲಿಯಾದರೆ ಮರಿ ಬೇಕಾದಷ್ಟಿದೆ, ರೆಕ್ಕೆ ಬಂದರೂ ಟೋಪಿ ದಾಟಿ ಹೊರಗೆ ಹೋಗುವಂತಿಲ್ಲ. ಇನ್ನು ಮೀನು ಇಲ್ಲೇ ಬೆಳೆಯಲಿ ಎಂದರು: ಒಂದು ಡ್ರಮ್ಮಿನಲ್ಲಿ ಮೀನು, ಉಳಿದವುಗಳಲ್ಲಿ ಮೀನಿನ ಊಟ.

"ಆ ಮೂಲೆ ಡ್ರಮ್ಮಿನ ಟೋಪಿ ಮಾತ್ರ ತೆಗೆದಿಡಿ. ಸೊಳ್ಳೆ ಬಂದು ಮೊಟ್ಟೆ ಇಡಬೇಕಲ್ಲ."

ಟೇಪಣ್ಣನ ಕಿವಿಗೆ ಬಿದ್ದದ್ದು ಒಂದೇ: ಕೆಂಪು ಬೋರ್ಡಿಲ್ಲ. ಇನ್‌ಸ್ಪೆಕ್ಟರ್ ಗೇಟಿಗೆ ಹೊಡೆದದ್ದು ಹಸಿರು ಬೋರ್ಡು. ಖುಷಿಯಲ್ಲಿ ಅವನು ಅದರ ಬಣ್ಣ ನೋಡಿದನೇ ಹೊರತು ಅಕ್ಷರ ನೋಡಲಿಲ್ಲ. ಬಾಗಿಲುಗಳು ತೆರೆದವು, ಎಲ್ಲರೂ ಬಂದು ಕೈ ಕುಲುಕಿದರು. ಡ್ರಮ್ಮು ಮಾತ್ರ ಯಾರೂ ವಾಪಸು ಕೇಳಲಿಲ್ಲ. ಮರಿ ಬಿದ್ದ ನೀರು ನಮಗ್ಯಾಕೆ ಎಂದರು.

ಹೆಡ್‌ಮಿಸ್ಟ್ರೆಸ್ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಬಂದವರು ಗೇಟಿನ ಹೊರಗೇ ನಿಂತು ಏನನ್ನೋ ಓದತೊಡಗಿದರು. ಓದುವುದು ಮುಗಿಯಲೇ ಇಲ್ಲ. ಟೇಪಣ್ಣ ಡ್ರಮ್ಮುಗಳ ನಡುವೆ ನುಸುಳಿ ಹೋಗಿ ತಾನೂ ಓದಿದ.

"ಇಲಾಖೆಯ ಒಪ್ಪಿಗೆಯಿಂದ ಇಲ್ಲಿ ಸೊಳ್ಳೆಮರಿ ಸಾಕಲಾಗುತ್ತದೆ."

ದಪ್ಪಕ್ಷರ. ಓಡುವ ಬಸ್ಸಿನಿಂದಲೂ ಓದಬಹುದಿತ್ತು.

"ಅಳತೆಗೆ ಮಕ್ಕಳನ್ನೆಲ್ಲ ಇಲ್ಲಿಗೇ ಕಳಿಸ್ಬೇಕಾ?" ಎಂದರು ಹೆಡ್‌ಮಿಸ್ಟ್ರೆಸ್ ಮೆಲ್ಲಗೆ.

ಗುರುವಿನ ಕ್ಷಮೆಯನ್ನು ಮನಸ್ಸಿನಲ್ಲೇ ಕೇಳಿ, ಟೇಪಣ್ಣ ಹುಟ್ಟಿದ ಮೇಲೆ ಮೊದಲ ಬಾರಿಗೆ ಆ ಮಾತು ಆಡಿದ. "ಬೇಡಮ್ಮ. ಒಂದೊಂದು ಹಳೇ ಅಂಗಿ ಕಳಿಸಿ, ಸಾಕು. ನೋಡ್ಕೊಂಡೇ ಹೊಲೀತೀನಿ."

ಅವರು ತಮ್ಮ ಕೆನ್ನೆಗೆ ತಾವೇ ಪಟ್ಟನೆ ಹೊಡೆದುಕೊಂಡರು. ಅಂಗೈ ನೋಡಿಕೊಂಡರು.

"ಹೋದ ವರ್ಷದ ಟೈಲರೂ ಹಾಗೇ ಹೊಲಿದ್ರು, ಒಂದೂ ಸರಿಹೋಗಲಿಲ್ಲ. ಅಳತೆ ಇಲ್ಲದೆ ಕತ್ತರಿ ಹಾಕಲ್ಲ ಅಂತ ಕೇಳಿಯೇ ನಾನು ನಿಮ್ಮನ್ನ ಹುಡುಕ್ಕೊಂಡು ಬಂದಿದ್ದು."

ಕರವಸ್ತ್ರವನ್ನು ಕೆನ್ನೆಗೊತ್ತಿಕೊಂಡು ಅವರು ಹೊರಟುಹೋದರು.

ಟೇಪಣ್ಣ ಈಗ ಗೋಡೌನಿನಲ್ಲಿ ಗಂಟು ಕಟ್ಟುತ್ತಾನೆ, ಬೆಳಿಗ್ಗೆ ಸಂಜೆ ಮೀನಿಗೆ ಊಟ ಹಾಕುತ್ತಾನೆ. ಮೀನುಗಳು ಚೆನ್ನಾಗಿ ಮೈ ತುಂಬಿಕೊಂಡಿವೆ. ಟೋಪಿ ತೆಗೆದಿಟ್ಟ ಮೂಲೆಯ ಡ್ರಮ್ಮು ಅಕ್ಕನದು ಎಂದು ಕಂಡಕ್ಟರು ಹೇಳುತ್ತಾನೆ, ಕಂಡಕ್ಟರನದು ಎಂದು ಅಕ್ಕ ಹೇಳುತ್ತಾಳೆ. ಅದು ಟೇಪಣ್ಣನ ಸ್ವಂತದ್ದೇ ಇದ್ದರೂ ಇರಬಹುದು, ನೀಲಿ ಡ್ರಮ್ಮಿಗೆ ಗುರುತೆಲ್ಲಿಯದು? ಹೆಡ್‌ಮಿಸ್ಟ್ರೆಸ್ಸರ ಕೆನ್ನೆಗೆ ಕಚ್ಚಿದ ಆ ಸೊಳ್ಳೆ ಯಾರ ಮನೆಯದು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.