ಮೂಲೆ ಮುಚ್ಚದ ಕೌದಿಗಳು

ನಮ್ಮ ಕಾಕಾನ ಮನೆಗೆ ಹೊಸ ಬಟ್ಟೆ ಹಾಕಿಕೊಂಡು ಹೋಗಬೇಡಿ. ಹೋದರೆ ಮುಂದಿನದಕ್ಕೆ ನಾನು ಜವಾಬ್ದಾರಳಲ್ಲ! ಬೇರೆಯವರು ಬಂದವರ ಮುಖ ನೋಡಿ "ಬರ್ರಿ" ಅನ್ನುತ್ತಾರೆ. ಇವರು ಬಟ್ಟೆಯ ಅಂಚು ನೋಡಿ ಅನ್ನುತ್ತಾರೆ. ಹೋದ ದೀಪಾವಳಿಗೆ ಹೊಸ ಕುರ್ತಾ ಹಾಕಿಕೊಂಡು ನಮಸ್ಕಾರ ಮಾಡಲು ಬಗ್ಗಿದೆ. ಆಶೀರ್ವಾದಕ್ಕೆ ಎತ್ತಿದ ಕೈ ನನ್ನ ತಲೆಯ ಮೇಲೆ ಬರಬೇಕೋ ಬೇಡವೋ? ಸೀದಾ ಕುರ್ತಾದ ಅಂಚಿಗೆ ಹೋಯಿತು.

"ಒಳಗ ಎರಡು ಇಂಚು ಮಡಿಚ್ಯಾರಲ್ಲವಾ! ಸುಮ್ನ ಯಾಕ ಕತ್ತಲದಾಗ ಇಟ್ಟೀ ಅದನ್ನ?"

"ಕಾಕಾ, ಅದು ನನ್ನ ಕುರ್ತಾ ರೀ!"

"ನಾ ಇಡೀ ಕುರ್ತಾ ಕೇಳಿದ್ನೇನು?"

ಊಟ ಮುಗಿಯುವುದರೊಳಗೆ ಒಂದು ಇಂಚು ಕತ್ತರಿಸಿ ಕೊಟ್ಟು, ಪಿನ್ನು ಹಚ್ಚಿಕೊಂಡು ಮನೆಗೆ ಬಂದೆ.

ಕಾಕಾ ಹುಚ್ಚರಲ್ಲ. ಪುಣೆ ಹತ್ತಿರದ ಕುರಕುಂಭದ ಒಂದು ಕೆಮಿಕಲ್ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಆವರೆಗೆ ಸೂಜಿ ಎಂದರೆ ಡಾಕ್ಟರು ಚುಚ್ಚುವಂಥದ್ದು ಎಂದಷ್ಟೇ ತಿಳಿದಿದ್ದ ಮನುಷ್ಯ. ಹೊಲಿಯುತ್ತಿದ್ದವರು ಅವರ ಹೆಂಡತಿ, ನಮ್ಮ ಕಾಕು. ಧಾರವಾಡದಿಂದ ಲಗ್ನವಾಗಿ ಪುಣೆಗೆ ಬಂದ ಮೇಲೆ ಅವರು ಹೊಲಿದ ಕೌದಿ ಇಲ್ಲದ ಮನೆ ನಮ್ಮ ಬಳಗದಲ್ಲೇ ಇಲ್ಲ. ಎರಡು ವರ್ಷದ ಹಿಂದೆ ಕಾಕುಗೆ ಲಕ್ವಾ ಹೊಡೆದು ಬಲಗೈ ಸೋತಿತು. ಮಾತಿಗೆ ಮಾತ್ರ ಏನೂ ಆಗಲಿಲ್ಲ, ಕಾಕಾನ ಹಣೆಬರಹ! ಬೆರಳು ಆಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಹಾಗೇ ಮಡಚಿಕೊಂಡುಬಿಡುತ್ತವೆ ಎಂದು ಹೇಳಿ ಡಾಕ್ಟರಬಾಯಿ ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ಕಾಕು ಅದನ್ನು ಎಡಗೈಯಿಂದ ಬಾಲ್ಕನಿಯಾಚೆ ಒಗೆದರು. "ಸತ್ತ ಕೈಗೆ ಎಂಥಾ ಆಟ?" ಎಂದು ಹೇಳಿ ಸೂಜಿದಾರದ ಡಬ್ಬಿಯನ್ನು ಕಪಾಟಿನ ಮೇಲೆ ಹಾಕಿಸಿಬಿಟ್ಟರು.

ಮರುದಿನವೇ ಕಾಕಾ ಸ್ಟೂಲು ಹತ್ತಿ ಡಬ್ಬಿ ಇಳಿಸಿದರು. "ನೀ ಹೊಲೀದಿದ್ರ ನಾ ಹೊಲೀತೀನಿ. ನೋಡಲಿಕ್ಕಾಗದ ನೀನ ಒಂದಿನ ಕೈ ಹಚ್ತೀ."

"ಹಚ್ಚೂದಿಲ್ಲ," ಎಂದರು ಕಾಕು.

ಯುದ್ಧ ಶುರುವಾದದ್ದು ಹೀಗೆ. ಉಗುರಿನಗಲದ ಚಿಂದಿ ಜೋಡಿಸಿ ಅಂಗೈಯಗಲದ ಚೌಕ, ಚೌಕ ಜೋಡಿಸಿ ಕೌದಿ. ಕಾಕಾ ಕಂಪನಿ ಬಿಟ್ಟಿದ್ದರೇ ಹೊರತು ಪರೀಕ್ಷೆ ಮಾಡುವುದನ್ನು ಬಿಟ್ಟಿರಲಿಲ್ಲ. ಒಂದೊಂದು ಚಿಂದಿಯನ್ನೂ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯುತ್ತಿದ್ದರು. ಕೂದಲೆಳೆಯಷ್ಟು ಸೊಟ್ಟಗಿದ್ದರೂ "ರಿಜೆಕ್ಟ್!" ಪಾಸಾದವು ಬಣ್ಣದ ಪ್ರಕಾರ ಅಡುಗೆಮನೆಯ ಡಬ್ಬಿಗಳಿಗೆ. ಒಮ್ಮೆ ಚಹಾ ಮಾಡೋಣವೆಂದು ಸಕ್ಕರೆ ಡಬ್ಬಿ ತೆರೆದರೆ ಒಳಗೆ ಬಿಳಿ ಪಾಪ್ಲಿನ್ನು! ಚಹಾಪುಡಿ ಡಬ್ಬಿಯಲ್ಲಿ ಯಾರದೋ ಕಂದು ಪ್ಯಾಂಟು!

"ಕಾಕಾ, ಸಕ್ಕರಿ ಎಲ್ಲೆ ಅದ ರೀ?"

"ಫ್ರಿಜ್ಜಿನಾಗ ಅದ. ಎಲ್ಲಾ ಬಣ್ಣ ನೋಡೇ ಇಟ್ಟೀನಿ, ತಪ್ಪೂದಿಲ್ಲ."

ಒಳಕೋಣೆಯಿಂದ ಕಾಕುವಿನ ದನಿ ಬಂತು: "ತಪ್ಪೂದಿಲ್ಲಂತ! ನಿನ್ನೆ ಅವಲಕ್ಕಿ ಅಂತ ಬನಿಯನ್ ಚೂರು ನೆನಿ ಹಾಕಿದ್ರು, ಕೇಳು!"

ವಾರಕ್ಕೊಮ್ಮೆ ಪುಣೆಯ ಕ್ಯಾಂಪ್ ಪೇಟೆಯ ಟೇಲರ್ ಅಂಗಡಿಗಳಿಗೆ ಸವಾರಿ. ಅಂಗಡಿಯವನು ಹಿರಿಯರೆಂಬ ಮರ್ಯಾದೆಗೆ ಒಳ್ಳೆಯ ತುಂಡೊಂದನ್ನು ತೆಗೆದು "ಕಾಕಾ, ಹಾ ಘ್ಯಾ, ಮೋಠಾ ಆಹೆ" ಎಂದರೆ ಇವರು "ಮೋಠಾ ನಕೋ!" ಅನ್ನುತ್ತಾರೆ. ದೊಡ್ಡ ತುಂಡನ್ನು ಯಾರಾದರೂ ಒಯ್ಯುತ್ತಾರಂತೆ, ಸಣ್ಣದಕ್ಕೆ ಯಾರೂ ದಿಕ್ಕಿಲ್ಲವಂತೆ. ಹಾಗೆಂದು ಮೇಜಿನಡಿ ಕುಕ್ಕರುಗಾಲಲ್ಲಿ ಕೂತು ಕಸದೊಳಗಿನ ಚೂರು ಆರಿಸುತ್ತಾರೆ. ಒಮ್ಮೆ ಒಬ್ಬ ಗಿರಾಕಿ ಇವರನ್ನು ಅಂಗಡಿಯ ಆಳೆಂದು ತಿಳಿದು, ಬೂಟಿನ ತುದಿಯಿಂದ ತೋರಿಸಿ "ತಿಕಡೇ ಪಣ ಝಾಡಾ", ಅಲ್ಲೂ ಗುಡಿಸಿ, ಎಂದನಂತೆ. ಕಾಕಾಗೆ ಸಿಟ್ಟು ಬಂತೇ? ಎಲ್ಲಿಯ ಸಿಟ್ಟು! "ಭಾಳ ಚಲೋ ಮನುಷ್ಯಾ. ಅಂವಾ ತೋರಿಸಿದಲ್ಲೇ ಬೂದು ಸೂಟಿಂದು ಚೂರು ಸಿಕ್ತು ನೋಡು!"

ಇನ್ನೊಂದು ದಿನ ಕ್ಯಾಂಪಿನಿಂದ ಹಾಗೇ ಸ್ವಾರಗೇಟ್ ಬಸ್ ಸ್ಟ್ಯಾಂಡಿಗೆ ಬಂದರು, ನನ್ನನ್ನು ಬೆಳಗಾವಿ ಬಸ್ಸು ಹತ್ತಿಸಲು. ಅಲ್ಲಿ ಅವರ ಚೀಲ ಹರಿಯಿತು. ಗಾಳಿಯೂ ಆಗಲೇ ಬೀಸಬೇಕೇ? ಚಿಂದಿಗಳೆಲ್ಲ ಬಸ್ಸುಗಳ ನಡುವೆ ಹಾರಾಡತೊಡಗಿದವು. "ಹಿಡೀರಿ! ಪಕಡಾ, ಪಕಡಾ!" ಎಂದು ಕಾಕಾ ಕೂಗಿದ ರಭಸಕ್ಕೆ ಅರ್ಧ ಬಸ್ಸು ಕೆಳಗಿಳಿಯಿತು. ಏನೋ ಬಂಗಾರವೇ ಬಿದ್ದಿದೆ ಎಂದು ಕಂಡಕ್ಟರು ಕೂಡ ಬಗ್ಗಿ ಆರಿಸಿದ. ಎಲ್ಲರೂ ಬೆವರಿಳಿಸಿ ತಂದುಕೊಟ್ಟ ಮೇಲೆ ಕಾಕಾ ಉಪಕಾರ ಸ್ಮರಿಸಿದರೇ? ಒಂದೊಂದನ್ನೂ ತಿರುಗಿಸಿ ನೋಡಿ, ಒಬ್ಬನಿಗೆ "ಇದು ನಮ್ಮದಲ್ಲ" ಎಂದು ಅವನದೇ ಕರವಸ್ತ್ರವನ್ನು ವಾಪಸು ಕೊಟ್ಟರು. ಬಸ್ಸು ಅರ್ಧ ಗಂಟೆ ತಡವಾಗಿ ಹೊರಟಿತು.

ಅಂತೂ ಐದು ಕೌದಿ ಮುಗಿದವು. ಮುಗಿದವು ಅಂದರೆ, ಮುಗಿಯಲಿಲ್ಲ! ನಮ್ಮ ಮನೆತನದಲ್ಲಿ ಕೌದಿಯ ಕೊನೆಯ ಮೂಲೆಯನ್ನು ಖಾಲಿ ಹೊಲಿಯುವುದಿಲ್ಲ. ಭಕ್ಕರಿಯ, ಅಂದರೆ ಜೋಳದ ರೊಟ್ಟಿಯ, ಒಂದು ಚೂರನ್ನು ಒಳಗಿಟ್ಟು ಮುಚ್ಚುತ್ತಾರೆ. ಅದು ಕೌದಿಯ ತುತ್ತು. ಹೊದ್ದವರು ಯಾವತ್ತೂ ಹಸಿದು ಮಲಗಬಾರದು ಎಂಬ ಆಸೆ. ಕಾಕಾ ಎಲ್ಲವನ್ನೂ ಹೊಲಿದು ಆ ಮೂಲೆಯನ್ನು ಮಾತ್ರ ಅಂಗೈಯಗಲ ಬಿಟ್ಟುಬಿಡುತ್ತಿದ್ದರು. "ಅದು ಆಕೀ ಕೈಯಾಂದು. ಆಕೀನ ಇಡಬೇಕು." ನನಗೂ ಅಂಥದೊಂದು ಕೌದಿ ಬಂತು. ಆ ಕಿಂಡಿಯಲ್ಲಿ ಕಾಲು ಹೊಕ್ಕರೆ ತಿರುಗಿ ಬರುವುದಿಲ್ಲ. ನಮ್ಮ ಮನೆಯವರು ಒಂದು ಮುಂಜಾನೆ ಕೌದಿಯನ್ನು ಕಾಲಿಗೆ ಸಿಕ್ಕಿಸಿಕೊಂಡೇ ಬಾಗಿಲು ತೆರೆದು ಹಾಲಿನವನನ್ನು ಹೆದರಿಸಿದರು. ನಾನೇ ಮುಚ್ಚಿಬಿಡುತ್ತೇನೆ ಎಂದರೆ ಕಾಕಾ "ಮುಟ್ಟಿ ನೋಡು!" ಎಂದು ಗುಡುಗಿದರು.

ಕಾಕು ಬಗ್ಗಿದರೇ? "ಐದಲ್ಲ, ಐವತ್ತು ಹೊಲೀರಿ. ನನ್ನ ಕೈಲೆ ಆಗೂದಿಲ್ಲ ಅಂದ್ರ ಆಗೂದಿಲ್ಲ." ಇಬ್ಬರ ಹಟದ ನಡುವೆ ಆ ಬೆರಳುಗಳು ದಿನದಿಂದ ದಿನಕ್ಕೆ ಮಡಚಿಕೊಳ್ಳುತ್ತಲೇ ಇದ್ದವು. ನಗುತ್ತಿದ್ದ ನನಗೂ ಒಳಗೊಳಗೆ ಭಯವಾಗುತ್ತಿತ್ತು.

ಹೋದ ತಿಂಗಳು ಪಕ್ಕದ ಮನೆಯ ಮರಾಠಿ ವಹಿನಿಯ ಮಗಳು ಬಾಣಂತನಕ್ಕೆ ಬಂದಳು. ಕಾಕಾ ಆ ಕೂಸಿಗೆಂದು ಟವೆಲಿನಷ್ಟಗಲದ ಪುಟ್ಟ ಕೌದಿ ಹೊಲಿದರು. ಮೂಲೆ ಎಂದಿನಂತೆ ತೆರೆದೇ ಇತ್ತು. ಅವತ್ತು ನಾನು ಕಾಕಾನ ಮನೆಯಲ್ಲಿ ಭಕ್ಕರಿ ಮಾಡಿ ತಟ್ಟೆಗೆ ಹಾಕುತ್ತಿರುವಾಗ ವಹಿನಿ ಕೂಸನ್ನೆತ್ತಿಕೊಂಡು ತೋರಿಸಲು ಬಂದರು.

"ಕೊಡ್ರಿ ಆ ಕೂಸಿಗೆ," ಎಂದರು ಕಾಕು.

"ದೊಡ್ಡವರಿಗೆ ಕೊಟ್ಟಂಗ ಕೂಸಿಗೆ ತುತ್ತಿಲ್ಲದ ಹ್ಯಾಂಗ ಕೊಡ್ಲಿ?"

"ನೀವ ಇಡ್ರಿ."

"ನಾ ಇಡೂದಿಲ್ಲ."

"ಅಂದ್ರ ಕೂಸು ಉಪಾಸ ಮಲಗಬೇಕೇನ್ರಿ? ನಿಮ್ಮ ಹಟಕ್ಕ ಬೆಂಕಿ ಹಚ್ಚಲಿ!"

"ನಿಂದಕ್ಕ ಹಚ್ಚು ಮೊದಲ."

ಕಾಕು ಕಣ್ಣು ಕೆಕ್ಕರಿಸಿದರು. ಕೂಸಿನ ಮುಖವನ್ನು ಎಷ್ಟೋ ಹೊತ್ತು ನೋಡಿದರು. ಆಮೇಲೆ "ತರ್ರಿ ಇಲ್ಲೆ" ಎಂದರು.

ಬಲಗೈಯ ಎರಡು ಬೆರಳಲ್ಲಿ ಭಕ್ಕರಿಯ ಚೂರು ಹಿಡಿಯಲು ಹೋದರು. ಬಿತ್ತು. ಮತ್ತೆ ಹಿಡಿದರು, ಮತ್ತೆ ಬಿತ್ತು. ಕಾಕಾ ಎತ್ತಿಕೊಡಲು ಬಗ್ಗಿದರೆ "ಸುಮ್ನ ಕೂಡ್ರಿ!" ಎಂದು ಗದರಿದರು. ಕಾಕಾ ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತರು. ನಾಲ್ಕನೆಯ ಸಲ ಚೂರು ಮೂಲೆಯೊಳಗೆ ಹೋಯಿತು. ನಾನು ಸೂಜಿಗೆ ದಾರ ಪೋಣಿಸಿ ಕೊಟ್ಟೆ. ಬಲ ಅಂಗೈಯಿಂದ ಬಟ್ಟೆ ಒತ್ತಿ ಹಿಡಿದು ಎಡಗೈಯಿಂದ ಆರು ಹೊಲಿಗೆ ಹಾಕಿದರು, ಆರೂ ಸೊಟ್ಟ. ವಹಿನಿ ಆ ಕೌದಿಯನ್ನು ಹೊದಿಸಿ ಕೂಸನ್ನು ಎತ್ತಿಕೊಂಡು ಹೋದರು.

ತಟ್ಟೆಯಲ್ಲಿ ಭಕ್ಕರಿ ಉಳಿದಿತ್ತು. ಕಾಕು ಅದೇ ಬಲಗೈಯಿಂದ ಇನ್ನೊಂದು ಚೂರು ಮುರಿದರು. ಆ ಕೈ ನಿಧಾನವಾಗಿ ಕಾಕಾನ ಬಾಯಿಯವರೆಗೆ ಹೋಯಿತು.

"ಬಾಯಿ ತಗೀರಿ. ಮುಂಜಾನಿಂದ ಬರೇ ಚಹಾದ ಮ್ಯಾಲೆ ಇದ್ದೀರಿ."

ಅರ್ಧ ಬಾಯಿಗೆ ಹೋಯಿತು, ಅರ್ಧ ಅಂಗಿಯ ಮೇಲೆ ಬಿತ್ತು. ಇಷ್ಟು ದಿನ ಈ ಮನುಷ್ಯನನ್ನು ಆಡಿಕೊಂಡು ನಕ್ಕ ನನಗೆ ಅಳು ತಡೆಯಲಾಗಲಿಲ್ಲ. ಕಾಕಾ ಕಣ್ಣೊರೆಸಿಕೊಂಡು ನನ್ನ ಮೇಲೆಯೇ ಹರಿಹಾಯ್ದರು: "ಎಂಥಾ ಭಕ್ಕರಿ ಮಾಡೀಯವಾ, ಗಂಟಲಾಗ ಇಳೀವಲ್ದು!"

ನನ್ನ ಭಕ್ಕರಿ ಮೆತ್ತಗೇ ಇತ್ತು. ಕಾಕು ಇನ್ನೊಂದು ತುತ್ತು ಮುರಿದರು.