ಜಟ್ಟಣ್ಣನ ಅಯಸ್ಕಾಂತ

ಎಲ್ಲದಕ್ಕೂ ಕಾರಣ ಜಟ್ಟಣ್ಣನ ಜೇಬಿನಲ್ಲಿದ್ದ ಅಯಸ್ಕಾಂತ. ಬೇಲೆಕೇರಿ ಬಂದರಿನಲ್ಲಿ ಅದಿರಿನ ಕೆಲಸಕ್ಕಿದ್ದ ಆತ, ಕೆಟ್ಟ ಸ್ಪೀಕರಿನಿಂದ ಕಿತ್ತ ಆ ಕರಿ ಬಿಲ್ಲೆಯನ್ನು ಕಂಡದ್ದಕ್ಕೆಲ್ಲ ಮುಟ್ಟಿಸಿ ನೋಡದೆ ಬಿಡುವವನಲ್ಲ. ಇಂದು ಅವನ ತಂಗಿಯ ಮಗ ನಿತೇಶನಿಗೆ ಹಬ್ಬುವಾಡದ ಮಾದೇವನ ಮಗಳು ದೀಕ್ಷಾಳೊಂದಿಗೆ ನಿಶ್ಚಿತಾರ್ಥ.

ಮಾದೇವ ಅಳಿಯನಿಗೆಂದು ಮಾಡಿಸಿದ ಚಿನ್ನದ ಸರವನ್ನು ತಟ್ಟೆಯಲ್ಲಿ ತಂದಿಟ್ಟ. ಜಟ್ಟಣ್ಣ ಬಿಲ್ಲೆ ಹಿಡಿದ. ಸರ ಕದಲಲಿಲ್ಲ. ಕೊಂಡಿಯ ಹತ್ತಿರ ಬಂದದ್ದೇ ತಡ, ಟಕ್ಕನೆ ಅಂಟಿತು.

"ಚಿನ್ನ ಮ್ಯಾಗ್ನೆಟ್ಟಿಗೆ ಅಂಟೂದಿಲ್ಲ ಭಾವ. ಇದ್ರೊಳಗೆ ಕಬ್ಬಿಣ ಅದೆ."

ಕರೆಯದೆಯೇ ಬಂದಿದ್ದ ಪಕ್ಕದ ಮನೆಯ ಗಂಗೂಬಾಯಿ, "ಈಗ ಯಾರನ್ನೂ ನಂಬೂ ಹಾಗಿಲ್ಲ" ಎಂದು ಬೆಂಕಿಗೆ ತುಪ್ಪ ಸುರಿದಳು. ನಿತೇಶನ ತಾಯಿ ರುಕ್ಮಿಣಿ ಹೊರಡಲು ಚೀಲ ಎತ್ತಿಕೊಂಡಳು. ಬಾಗಿಲ ಮರೆಯಲ್ಲಿ ದೀಕ್ಷಾ ಕಣ್ಣೊರೆಸಿಕೊಂಡಳು. ದಡಕ್ಕೆ ಬಿದ್ದ ಮೀನಿನ ಹಾಗೆ ಬಾಯಿ ಬಿಡುತ್ತಿದ್ದ ಮಾದೇವ, ಸರ ಮಾಡಿದ ಶೇಟರಿಗೆ ಫೋನು ಮಾಡಿದ.

ಶೇಟರು ಸ್ಕೂಟರಿನಲ್ಲಿ ಓಡಿಬಂದು ಕೊಂಡಿ ಬಿಚ್ಚಿ ತೋರಿಸಿದರು.

"ಒಳಗೆ ಉಕ್ಕಿನ ಸ್ಪ್ರಿಂಗ್ ಅದೆ ಮಾರಾಯ್ರೆ. ಅದಿಲ್ದೆ ಕೊಂಡಿ ಮುಚ್ಚೂದು ಹೇಗೆ? ಯಾರ ಸರನಾದ್ರೂ ನೋಡಿ, ಕೊಂಡಿ ಒಂದೇ ಅಂಟ್ತದೆ."

ರುಕ್ಮಿಣಿಯ ಸರ ನೋಡಿದರು, ಗಂಗೂಬಾಯಿಯದ್ದೂ ನೋಡಿದರು. ಎರಡರಲ್ಲೂ ಕೊಂಡಿ ಮಾತ್ರ ಅಂಟಿತು. ರುಕ್ಮಿಣಿ ಚೀಲ ಕೆಳಗಿಟ್ಟಳು. ಮಾದೇವನಿಗೆ ಹೋದ ಜೀವ ಬಂದಂತಾಯಿತು.

"ಸಾಕಲ್ಲ, ಏಳಿ, ಊಟಕ್ಕೆ ಹೊತ್ತಾಯ್ತು" ಎಂದ ಅವಸರದಿಂದ.

"ತಡೀರಿ ಭಾವ, ವೈನಿದೊಂದು ನೋಡುವ" ಎಂದ ಜಟ್ಟಣ್ಣ.

ಮಾದೇವನ ಹೆಂಡತಿ ಕಲಾವತಿ ಹೆಮ್ಮೆಯಿಂದ ಮುಂದೆ ಬಂದಳು. "ನೋಡಿ. ನಮ್ಮಪ್ಪ ಮದುವೇಲಿ ಹಾಕಿದ್ದು."

ಬಿಲ್ಲೆ ಮುಟ್ಟುವ ಮೊದಲೇ ಸರ ಇಡಿಯಾಗಿ ಎದ್ದು ಬಂದು ಜಿಗಣೆಯಂತೆ ಕಚ್ಚಿಕೊಂಡಿತು. ಜಟ್ಟಣ್ಣ ಎಳೆದರೂ ಬಿಡಲಿಲ್ಲ.

ಶೇಟರು ಕಣ್ಣು ಕಿರಿದು ಮಾಡಿದರು. "ಇದೆಂಥ ನಕಲಿ ಸರ ಮಾದೇವಣ್ಣ? ವೈನಿ ಸರ ಕರಗಿಸೇ ಅಲ್ವಾ ನಾವು ಅಳಿಯಂದು ಮಾಡಿದ್ದು?"

ಹೋದ ತಿಂಗಳು ಹೆಂಡತಿಯ ಸರವನ್ನು ಮೆರುಗು ಹಾಕಿಸಿ ತರುತ್ತೇನೆಂದು ಒಯ್ದು ಇದನ್ನು ತಂದುಕೊಟ್ಟವನು ಮಾದೇವನೇ.

"ಹಾಗಾದ್ರೆ ನಮ್ದು ಅಪ್ಪಟ" ಎಂದು ಜಟ್ಟಣ್ಣ ಖುಷಿಯಿಂದ ನಿತೇಶನ ಕೊರಳಿಗೆ ಸರ ತೊಡಿಸಿದ. ನಿಶ್ಚಿತಾರ್ಥ ಸುಸೂತ್ರವಾಗಿ ಮುಗಿಯಿತು. ಕಲಾವತಿ ಎಲ್ಲರಿಗೂ ನಗುನಗುತ್ತ ಬಡಿಸಿದಳು. ಗಂಡನತ್ತ ಮಾತ್ರ ತಿರುಗಿ ನೋಡಲಿಲ್ಲ. ಬೀಗರು ಹೊರಟು ನಿಂತಾಗ ಜಟ್ಟಣ್ಣನ ಮುಂದೆ ಕೈಯೊಡ್ಡಿದಳು.

"ಆ ಬಿಲ್ಲೆ ಇವತ್ತೊಂದಿನ ಇಲ್ಲೇ ಇರ್ಲಿ ಅಣ್ಣ. ಇಪ್ಪತ್ತೆರಡು ವರ್ಷದಿಂದ ಇವ್ರು ತಂದ್ಕೊಟ್ಟದ್ದೆಲ್ಲ ಒಳಗೆ ಅದೆ."