ಮೂಗಿನಲ್ಲೊಂದು ಹ್ರಸ್ವ

"ಇನ್ಮೇಲೆ ಈ ಮನೇಲಿ ಯಾವ ಟೆಸ್ಟ್ ಆಗ್ಬೇಕಿದ್ರೂ ಮಾಡೋನು ನಾನೇ!" ಎಂದು ಆ ಮಧ್ಯಾಹ್ನ ನಾನು ಘನಘೋರವಾಗಿ ಘೋಷಿಸಿಬಿಟ್ಟೆ. ಇಪ್ಪತ್ತೆರಡು ವರ್ಷಗಳಿಂದ ಮುದ್ರಣಾಲಯದಲ್ಲಿ ಕರಡು ತಿದ್ದುವ ಆಸಾಮಿ ನಾನು. ಒತ್ತಕ್ಷರವೊಂದು ತಪ್ಪಿಸಿಕೊಂಡರೆ ಜುಟ್ಟು ಹಿಡಿದು ಎಳೆತರುವ ಕಣ್ಣು ನನ್ನದು. ಮೂಗಿಗೊಂದು ಕಡ್ಡಿ ಹಾಕಿ ಗೆರೆ ಎಣಿಸುವುದು ಯಾವ ಮಹಾ ವಿದ್ಯೆ?

ಎಣಿಸಲೇಬೇಕಾದ ದಿನ ಅದು. ನನ್ನ ಹೆಂಡತಿಯ ತಂಗಿಗೆ ಏಳನೇ ತಿಂಗಳಲ್ಲೇ ಹೆರಿಗೆಯಾಗಿ, ಮಗು ಹತ್ತೊಂಬತ್ತು ದಿನದಿಂದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಅಂದು ನಾಲ್ಕು ಗಂಟೆಗೆ ದೊಡ್ಡಮ್ಮ ಬಂದು ಎತ್ತಿಕೊಳ್ಳಬಹುದು ಎಂದು ಡಾಕ್ಟರು ಒಪ್ಪಿದ್ದರು. ಷರತ್ತು ಒಂದೇ, ಮನೆಯಲ್ಲಿ ಯಾರಿಗೂ ಕೊರೋನಾ ವೈರಸ್ ಇರಬಾರದು. ನನಗೋ ಹಿಂದಿನ ದಿನದಿಂದ ಗಂಟಲು ಕೆರೆತ, ಮೈಕೈ ನೋವು!

"ರೀ, ಆ ಚೀಟಿ ಸರಿಯಾಗಿ ಓದ್ಕೊಂಡು ಮಾಡ್ರಿ."

"ಓದೋದೇ ನನ್ನ ಕಸುಬು ಕಣೇ!"

ಓದಿದೆ. ಓದುತ್ತಲೇ ರಕ್ತ ಕುದಿಯಿತು. ಅಂಗೈಯಗಲದ ಸೂಚನೆ ಚೀಟಿಯಲ್ಲಿ ಹದಿನಾಲ್ಕು ಅಚ್ಚಿನ ತಪ್ಪು! ಕೆಂಪು ಪೆನ್ನು ಹಿರಿದೆ. 'ಉಷಾಂಶ' ಎಂದಿದ್ದನ್ನು 'ಉಷ್ಣಾಂಶ' ಮಾಡಿದೆ. 'ಸೆಂಟಿಮಿಟರ್' ಎಂಬಲ್ಲಿ ಮಿಗೆ ದೀರ್ಘ ಎಳೆದೆ. ಭಾಷೆಯನ್ನು ಉದ್ಧರಿಸಿದ ಮೇಲೆ, ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಕಿಟ್ ಬಿಚ್ಚಿ ಕಡ್ಡಿಯನ್ನು ಮೂಗಿನ ಬಾಗಿಲಿಗೆ ತಾಗಿಸಿದೆ. ಕಚಗುಳಿಯಾಯಿತು. ಕಣ್ಣಲ್ಲಿ ನೀರು ಬಂತು. ಇಷ್ಟು ಸಾಕೆಂದು ಮೂಗೇ ತೀರ್ಪು ಕೊಟ್ಟಿತು. ಹದಿನೈದು ನಿಮಿಷಕ್ಕೆ ಮೂಡಿದ್ದು ಒಂದೇ ಗೆರೆ!

"ನೆಗೆಟಿವ್!" ಎಂದು ಕೂಗಿದೆ.

ಹೆಂಡತಿಯ ಮುಖ ಅರಳಿತು. ಉಗುರು ಕತ್ತರಿಸಿ, ಉಂಗುರ ತೆಗೆದಿಟ್ಟು, ಮೊಣಕೈವರೆಗೆ ಮೂರು ಸಲ ಸೋಪು ಹಚ್ಚಿ ತೊಳೆದಳು. ಅಷ್ಟರಲ್ಲಿ ಅವಳನ್ನು ಕರೆದೊಯ್ಯಲು ಕೆಳಮನೆಯಾಕೆ ಬಂದಳು. ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಕೆ. ನನ್ನ ಕೆಮ್ಮು ಕೇಳಿದ್ದೇ ಮಾಸ್ಕ್ ಏರಿಸಿದಳು.

"ಕಡ್ಡಿ ಚೆನ್ನಾಗಿ ಒಳಗೆ ಹಾಕಿದ್ರಾ ಅಣ್ಣ?"

"ಹಾಕ್ದೆ... ಅಂದ್ರೆ, ಬಾಗಿಲವರೆಗೆ."

ಆಕೆ ಮೇಜಿನ ಮೇಲಿದ್ದ ಚೀಟಿ ಎತ್ತಿಕೊಂಡಳು. "ಈ ಸೆಂಟಿಮೀಟರಿಗೆ ದೀರ್ಘ ಕೊಟ್ಟಿದ್ದು ಯಾರು?"

"ನಾನೇ!" ಎದೆಯುಬ್ಬಿತು.

"ಅಕ್ಷರಕ್ಕೆ ದೀರ್ಘ ಕೊಟ್ಟು ಮೂಗಲ್ಲಿ ಹ್ರಸ್ವ ಮಾಡಿದ್ರಲ್ಲ ಅಣ್ಣ! ಎರಡು ಸೆಂಟಿಮೀಟರ್ ಒಳಗೆ ಹಾಕಿ ಐದು ಸುತ್ತು ತಿರುಗಿಸಿ ಅಂತಿದೆ. ಕಿಟ್ ಫ್ರಿಜ್ಜಲ್ಲಿದ್ರೆ ಅರ್ಧ ಗಂಟೆ ಹೊರಗಿಡಿ ಅಂತಾನೂ ಇದೆ. ನೀವು ಮಾಡಿರೋದು ಮೂಗಿನ ಕೂದಲಿನ ಟೆಸ್ಟು!"

ಹದಿನಾಲ್ಕು ತಪ್ಪು ಹಿಡಿದವನಿಗೆ ಒಂದು ವಾಕ್ಯದ ಅರ್ಥವೂ ತಲೆಗಿಳಿದಿರಲಿಲ್ಲ!

ಆಕೆ ತನ್ನ ಚೀಲದಿಂದ ಬೇರೆ ಕಿಟ್ ತೆಗೆದಳು. ಎರಡೂ ಹೊಳ್ಳೆಯಲ್ಲಿ ಕಡ್ಡಿ ಐದೈದು ಸುತ್ತು ಹೊಡೆಯಿತು. ಬೀದಿಗೆಲ್ಲ ಕೇಳುವಂತೆ "ಅಯ್ಯಯ್ಯೋ!" ಎಂದು ಅರಚಿದೆ. ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಹೆಂಡತಿ ತೊಳೆದ ಕೈಗಳನ್ನು ಎಲ್ಲೂ ತಾಗಿಸದೆ ಮೇಲೆತ್ತಿ ಹಿಡಿದು ನಿಂತೇ ಇದ್ದಳು. ಒಂದು ಗೆರೆ ಬಂತು. ಆರನೇ ನಿಮಿಷಕ್ಕೆ ಎರಡನೆಯದೂ ಬಂತು, ಢಾಳಾಗಿ.

ಈಕೆ ಕೇಳದೇ ಹೋಗಿದ್ದರೆ, ಇನ್ನರ್ಧ ಗಂಟೆಯಲ್ಲಿ ಇವಳು ಆ ಕೂಸನ್ನು ಎದೆಗವಚಿಕೊಂಡಿರುತ್ತಿದ್ದಳು.

"ನೀವೂ ಇವತ್ತು ಬೇಡ ಅಕ್ಕ," ಎಂದಳು ಕೆಳಮನೆಯಾಕೆ ಮೆಲ್ಲಗೆ. "ಅಂಟಿದ್ರೂ ಇಷ್ಟು ಬೇಗ ಟೆಸ್ಟಲ್ಲಿ ಕಾಣ್ದೇ ಇರಬಹುದು. ಡಾಕ್ಟರನ್ನ ಕೇಳಿ, ಆಮೇಲೆ ನೋಡೋಣ."

ಹೆಂಡತಿ ಕೈ ಇಳಿಸಿದಳು. ಕುರ್ಚಿಯಲ್ಲಿ ಕುಸಿದು ಬಿಕ್ಕಿಬಿಕ್ಕಿ ಅತ್ತಳು.

"ತಪ್ಪಾಯ್ತು ಕಣೇ."

"ಮೊದ್ಲು ಮಾಸ್ಕ್ ಹಾಕ್ಕೊಂಡು ಆ ಕಡೆ ನಿಂತ್ಕೊಳ್ಳಿ!"

ನಾಲ್ಕು ಗಂಟೆಗೆ ವಿಡಿಯೋ ಕಾಲ್ ಬಂತು. ಹೆಂಡತಿ ತಂಗಿಗೆ ನನ್ನ ಸಾಹಸವನ್ನೆಲ್ಲ ಒಪ್ಪಿಸಿದಳು. ಬಾಗಿಲ ಬಳಿಯಿಂದಲೇ ನಾನೂ ಬಾಯಿ ಹಾಕಿದೆ: "ಆ ಕಡ್ಡಿ ಎಂಥಾ ಹಿಂಸೆ ಗೊತ್ತೇನಮ್ಮಾ! ಮಿದುಳಿಗೇ ತಾಗಿದಂಗಾಯ್ತು!"

ನಾದಿನಿ ಫೋನನ್ನು ಗಾಜಿನ ಪೆಟ್ಟಿಗೆಯತ್ತ ತಿರುಗಿಸಿದಳು.

"ನೋಡಿ ಭಾವ, ಪಾಪು ಮೂಗಲ್ಲಿ ಹಾಲಿನ ನಳಿಕೆ. ಹುಟ್ಟಿದಾಗಿಂದ ಇದೆ. ಇನ್ನೂ ಒಂದೂವರೆ ಕೇಜಿ ಆಗಿಲ್ಲ, ಒಂದು ಸಲಾನೂ ಅರಚಿಲ್ಲ."

ಎಪ್ಪತ್ತೆಂಟು ಕೇಜಿ ತೂಗುವ ದೊಡ್ಡಪ್ಪನಾದ ನಾನು ಮಾಸ್ಕನ್ನು ಕಣ್ಣಿನವರೆಗೂ ಎಳೆದುಕೊಂಡೆ.